ಉಪ್ಪಾಗೆ ಪುಡಿ ಕುಡಿದರೆ ಬೊಜ್ಜು ಕರಗುತ್ತದೆಯೇ?

ನಿಮ್ಮ ವಾಟ್ಸಾಪ್‌ಗೂ ಈ ಸಂದೇಶ ಬಂದಿರಬಹುದು. ನಮ್ಮ ಘಟ್ಟದ ಕಾಡಿನಲ್ಲಿ ಬೆಳೆಯುವ ಉಪ್ಪಾಗೆಯನ್ನು ವಿದೇಶದವರು ಮಾತ್ರೆ ಮಾಡಿ ಸಾವಿರಾರು ರೂಪಾಯಿಗೆ ಮಾರುತ್ತಾರಂತೆ. ಅದೇ ಸಿಪ್ಪೆಯ ಪುಡಿಯನ್ನು ದಿನಾ ಬಿಸಿನೀರಿಗೆ ಹಾಕಿ ಕುಡಿದರೆ ಹೊಟ್ಟೆಯ ಬೊಜ್ಜು ಕರಗುತ್ತದಂತೆ. ಗಿಡಮೂಲಿಕೆಯಾದ್ದರಿಂದ ಅಡ್ಡಪರಿಣಾಮವೇ ಇಲ್ಲವಂತೆ.

ನನ್ನ ಚಿಕ್ಕಮ್ಮನಿಗೂ ಇದು ಬಂದಿತ್ತು. ಎರಡು ವಾರ ಕುಡಿದ ಮೇಲೆ ಫೋನ್ ಮಾಡಿ, "ಹಸಿವೇ ಆಗ್ತಾ ಇಲ್ಲ ಕಣೇ, ಕೆಲಸ ಮಾಡ್ತಾ ಇದೆ" ಎಂದು ಖುಷಿಪಟ್ಟರು. ನನಗೆ ಗಾಬರಿಯಾಯಿತು. ಯಾಕೆಂದು ಮುಂದೆ ಹೇಳುತ್ತೇನೆ.

ಉಪ್ಪಾಗೆ ಎಂದರೆ ಯಾವುದು?

ಜೋಯಿಡಾದಿಂದ ಕಾರವಾರಕ್ಕೆ ಹೋಗುವಾಗ ಅಣಶಿ ಘಟ್ಟದ ದಟ್ಟ ಕಾಡು ಸಿಗುತ್ತದಲ್ಲ, ಅಂಥ ನಿತ್ಯಹಸಿರು ಕಾಡಿನ ಮರ ಇದು. ಸಸ್ಯಶಾಸ್ತ್ರದ ಹೆಸರು ಗಾರ್ಸಿನಿಯಾ ಗಮ್ಮಿ-ಗಟ್ಟ. ಮಾತ್ರೆಯ ಡಬ್ಬಿಗಳ ಮೇಲೆ ಹಳೆಯ ಹೆಸರು 'ಗಾರ್ಸಿನಿಯಾ ಕ್ಯಾಂಬೋಜಿಯಾ' ಎಂದೇ ಇರುತ್ತದೆ. ಹಣ್ಣು ಹಳದಿ, ಮೈಮೇಲೆ ಪುಟ್ಟ ಕುಂಬಳಕಾಯಿಯಂತೆ ಗೆರೆಗಳು. ಕೆಂಪು ಬಣ್ಣದ ಮುರುಗಲು, ಅಂದರೆ ಪುನರ್ಪುಳಿ, ಇದರ ಹತ್ತಿರದ ನೆಂಟ. ಆದರೆ ಎರಡೂ ಒಂದೇ ಅಲ್ಲ.

ಉತ್ತರ ಕನ್ನಡದಲ್ಲಿ ಇದರ ಒಣಸಿಪ್ಪೆ ಹುಳಿಗೆ, ಬೀಜ ತುಪ್ಪಕ್ಕೆ. ಕೇರಳದ ಮೀನುಸಾರಿನ ಕುಡಂಪುಳಿ ಇದೇ. ಕೊಡಗಿನವರು ಪಂದಿ ಕರಿಗೆ ಹಾಕುವ ಕಾಚಂಪುಳಿಯೂ ಈ ಹಣ್ಣಿನ ರಸದಿಂದಲೇ ಆಗುತ್ತದೆ. ಸಂಧಿನೋವಿಗೆ, ಹೊಟ್ಟೆಯ ತೊಂದರೆಗೆ ಸಿಪ್ಪೆಯ ಕಷಾಯ ಕೊಡುವ ರೂಢಿಯೂ ಉಂಟು. ಬೊಜ್ಜಿನ ಕಥೆ ಮಾತ್ರ ಇತ್ತೀಚಿನದು.

ಬೊಜ್ಜಿನ ಕಥೆ ಎಲ್ಲಿಂದ ಬಂತು?

ಶುರುವಾಗಿದ್ದು ನಮ್ಮ ಮೈಸೂರಿನಲ್ಲೇ. ಇದರ ಹುಳಿಗೆ ಕಾರಣವಾದ ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಆಮ್ಲ (ಎಚ್‌ಸಿಎ) ಎಂದು ಅಲ್ಲಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಲೂಯಿಸ್ ಮತ್ತು ನೀಲಕಂಠನ್ 1965ರಲ್ಲಿ ತೋರಿಸಿದರು. 1969ರಲ್ಲಿ ಅಮೆರಿಕದ ವಿಜ್ಞಾನಿಗಳು, ದೇಹವು ಸಕ್ಕರೆಯನ್ನು ಕೊಬ್ಬಾಗಿ ಬದಲಿಸಲು ಬಳಸುವ ಒಂದು ಕಿಣ್ವವನ್ನು ಈ ಆಮ್ಲ ತಡೆಯುತ್ತದೆ ಎಂದು ಕಂಡುಕೊಂಡರು. ಮುಂದೆ ಇಲಿಗಳ ಮೇಲಿನ ಪ್ರಯೋಗಗಳಲ್ಲಿ ತೂಕ ಕಡಿಮೆಯಾದದ್ದೂ ಕಂಡಿತು.

ಇಷ್ಟೂ ನಿಜವೇ. ಆದರೆ ಮನುಷ್ಯ ದೊಡ್ಡ ಇಲಿ ಅಲ್ಲ. ನಾವು ಸಾಮಾನ್ಯ ಊಟ ಮಾಡುವಾಗ ಮೈಯಲ್ಲಿ ಸೇರುವ ಕೊಬ್ಬಿನ ಬಹುಪಾಲು ನೇರವಾಗಿ ಊಟದ ಎಣ್ಣೆ, ತುಪ್ಪ, ಮಾಂಸದಿಂದ ಬರುತ್ತದೆ. ಸಕ್ಕರೆ, ಪಿಷ್ಟದಿಂದ ಹೊಸದಾಗಿ ತಯಾರಾಗುವ ಕೊಬ್ಬು ಕಡಿಮೆ. ಹಾಗಾಗಿ ಆ ಒಂದು ದಾರಿ ಮುಚ್ಚಿದರೂ ಹೆಚ್ಚು ಲಾಭವಿಲ್ಲ.

ಮನುಷ್ಯರ ಮೇಲೆ ಪರೀಕ್ಷಿಸಿದಾಗ ಏನಾಯಿತು?

1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆ 'ಜಾಮಾ'ದಲ್ಲಿ ಒಂದು ಅಧ್ಯಯನ ಬಂತು. ತೂಕ ಹೆಚ್ಚಿದ್ದ 135 ಜನರನ್ನು ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ ದಿನಕ್ಕೆ 1,500 ಮಿಲಿಗ್ರಾಂ ಎಚ್‌ಸಿಎ, ಇನ್ನೊಂದಕ್ಕೆ ಔಷಧವೇ ಇಲ್ಲದ ತೋರಿಕೆಯ ಮಾತ್ರೆ. ಇಬ್ಬರಿಗೂ ಒಂದೇ ಬಗೆಯ ಮಿತ ಆಹಾರ. 12 ವಾರಗಳ ನಂತರ ಎಚ್‌ಸಿಎ ತಿಂದವರು ಸರಾಸರಿ 3.2 ಕಿಲೋ ಇಳಿದಿದ್ದರು, ತೋರಿಕೆಯ ಮಾತ್ರೆಯವರು 4.1 ಕಿಲೋ. ಅಂದರೆ ಕೆಲಸ ಮಾಡಿದ್ದು ಮಿತ ಆಹಾರ, ಮಾತ್ರೆಯಲ್ಲ. 2011ರಲ್ಲಿ ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದಾಗಲೂ ಸಿಕ್ಕ ವ್ಯತ್ಯಾಸ ಒಂದು ಕಿಲೋಗಿಂತ ಕಡಿಮೆ.

ಆದರೂ 2012ರಲ್ಲಿ ಅಮೆರಿಕದ ಟಿವಿ ವೈದ್ಯ ಡಾ. ಓಝ್ ತಮ್ಮ ಕಾರ್ಯಕ್ರಮದಲ್ಲಿ ಇದನ್ನು ಹೊಗಳಿದರು. ಇಂಥ ಮಾತುಗಳಿಗಾಗಿ 2014ರಲ್ಲಿ ಅಲ್ಲಿನ ಸೆನೆಟ್ ಸಮಿತಿ ಅವರನ್ನು ಪ್ರಶ್ನಿಸಿತು. ನಮ್ಮ ಫಾರ್ವರ್ಡ್‌ಗಳಲ್ಲಿ ಹೊಗಳಿಕೆ ಮಾತ್ರ ಉಳಿದುಕೊಂಡಿದೆ.

ಅಡ್ಡಪರಿಣಾಮ ಇಲ್ಲವೇ?

ಇದೆ, ಅದೂ ಯಕೃತ್ತಿಗೆ. 2009ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 'ಹೈಡ್ರಾಕ್ಸಿಕಟ್' ಎಂಬ ತೂಕ ಇಳಿಸುವ ಉತ್ಪನ್ನಗಳನ್ನು ಬಳಸಬೇಡಿ ಎಂದು ಎಚ್ಚರಿಸಿತು. ಆಗ ಅದರ ಕೈಯಲ್ಲಿ ಕಾಮಾಲೆಯಿಂದ ಹಿಡಿದು ಯಕೃತ್ತಿನ ಕಸಿಯವರೆಗೆ 23 ವರದಿಗಳಿದ್ದವು. ಒಂದು ಸಾವೂ ಆಗಿತ್ತು. ಆ ಉತ್ಪನ್ನಗಳಲ್ಲಿ ಬೇರೆ ಪದಾರ್ಥಗಳೂ ಇದ್ದುದರಿಂದ ಗಾರ್ಸಿನಿಯಾ ಒಂದನ್ನೇ ದೂರುವಂತಿರಲಿಲ್ಲ.

ಆ ಅನುಮಾನಕ್ಕೆ 2022ರಲ್ಲಿ ಉತ್ತರ ಸಿಕ್ಕಿತು. ಔಷಧಗಳಿಂದಾಗುವ ಯಕೃತ್ತಿನ ಹಾನಿಯನ್ನು ದಾಖಲಿಸುವ ಅಮೆರಿಕದ ಸಂಶೋಧನಾ ಜಾಲವು ಗಾರ್ಸಿನಿಯಾಕ್ಕೆ ಸಂಬಂಧಿಸಿದ 22 ಪ್ರಕರಣಗಳನ್ನು ಪ್ರಕಟಿಸಿತು. ಹೆಚ್ಚಿನವರು ಗ್ರೀನ್ ಟೀ ಸಾರದ ಜೊತೆ ತೆಗೆದುಕೊಂಡಿದ್ದರು, 5 ಜನ ಗಾರ್ಸಿನಿಯಾ ಮಾತ್ರ ಬಳಸಿದ್ದರು. 'ಎಚ್‌ಎಲ್‌ಎ-ಬಿ 35:01' ಎಂಬ ವಂಶವಾಹಿ ಇರುವವರಲ್ಲಿ ಈ ಅಪಾಯ ಹೆಚ್ಚು ಎಂದೂ ಕಂಡಿತು. ಅದು ಯಾರಲ್ಲಿದೆ ಎಂದು ಮುಖ ನೋಡಿ ಹೇಳಲಾಗದು. ಹಾಗಾಗಿ ಪಕ್ಕದ ಮನೆಯವರಿಗೆ ಏನೂ ಆಗಲಿಲ್ಲ ಎಂಬುದು ನಿಮಗೆ ಖಾತರಿಯಲ್ಲ. 2025ರಲ್ಲಿ ಫ್ರಾನ್ಸಿನ ಆಹಾರ ಸುರಕ್ಷತಾ ಸಂಸ್ಥೆ, ಗಾರ್ಸಿನಿಯಾ ಕ್ಯಾಂಬೋಜಿಯಾ ಇರುವ ಪೂರಕಗಳನ್ನು ಸೇವಿಸಲೇಬೇಡಿ ಎಂದು ಸಲಹೆ ಕೊಟ್ಟಿತು.

ಚಿಕ್ಕಮ್ಮನ ಮಾತಿಗೆ ನಾನು ಗಾಬರಿಯಾದದ್ದು ಇದಕ್ಕೇ. ಯಕೃತ್ತಿಗೆ ಪೆಟ್ಟು ಬಿದ್ದಾಗ ಮೊದಲು ಕಾಣುವ ಲಕ್ಷಣಗಳಲ್ಲಿ ಹಸಿವು ಹೋಗುವುದೂ ಒಂದು. ತೂಕವೂ ಇಳಿಯಬಹುದು. ಮದ್ದು ಹಿಡಿಯಿತು ಎಂದುಕೊಂಡು ನಾವು ಇನ್ನೊಂದು ಚಮಚ ಹಾಕಿಕೊಳ್ಳುತ್ತೇವೆ! ಚಿಕ್ಕಮ್ಮನ ರಕ್ತಪರೀಕ್ಷೆಯಲ್ಲಿ ಎಲ್ಲವೂ ಸರಿಯಿತ್ತು, ಪುಡಿ ನಿಲ್ಲಿಸಿದರು. ಎಲ್ಲರ ಅದೃಷ್ಟವೂ ಹಾಗಿರುವುದಿಲ್ಲ.

ಹಾಗಾದರೆ ಸಾರಿಗೆ ಹಾಕಬಾರದೇ?

ಧಾರಾಳವಾಗಿ ಹಾಕಿ. ವ್ಯತ್ಯಾಸ ಇರುವುದು ಪ್ರಮಾಣದಲ್ಲಿ. ಒಣಸಿಪ್ಪೆಯ ತೂಕದಲ್ಲಿ ಎಚ್‌ಸಿಎ ಸುಮಾರು ಶೇ. 10ರಿಂದ 30. ಐದು ಜನರ ಸಾರಿಗೆ 5 ಗ್ರಾಂ ಸಿಪ್ಪೆ ಹಾಕಿದರೆ ಒಬ್ಬರಿಗೆ ಬರುವುದು 100ರಿಂದ 300 ಮಿಲಿಗ್ರಾಂ, ಅದೂ ಯಾವಾಗಲೋ ಒಮ್ಮೆ, ಊಟದ ಜೊತೆ. ಮಾತ್ರೆಯಲ್ಲಿ ಅದೇ ಆಮ್ಲವನ್ನು ಸಾಂದ್ರಗೊಳಿಸಿ ದಿನಕ್ಕೆ 1,500 ಮಿಲಿಗ್ರಾಂ ಅಥವಾ ಅದಕ್ಕೂ ಹೆಚ್ಚು, ತಿಂಗಳುಗಟ್ಟಲೆ ತಿನ್ನಿಸುತ್ತಾರೆ. ದಿನಾ ಚಮಚಗಟ್ಟಲೆ ಪುಡಿ ಕುಡಿಯುವುದೂ ಆ ದಾರಿಯೇ. ಅಜ್ಜಿಯ ಕಾಲದಿಂದ ತಿಂದಿದ್ದೇವೆ ಎಂಬ ಮಾತು ಸಾರಿಗೆ ಸರಿ, ಮಾತ್ರೆಗೆ ಅಲ್ಲ.

ಯಾರು ಹೆಚ್ಚು ಎಚ್ಚರ ವಹಿಸಬೇಕು?

ಯಕೃತ್ತಿನ ತೊಂದರೆ ಇರುವವರು, ಗರ್ಭಿಣಿಯರು, ಹಾಲುಣಿಸುವ ತಾಯಂದಿರು ಈ ಪುಡಿ, ಮಾತ್ರೆಗಳ ಸಹವಾಸಕ್ಕೇ ಹೋಗಬಾರದು. ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರೂ ಅಷ್ಟೇ. ಖಿನ್ನತೆಯ ಕೆಲವು ಮಾತ್ರೆಗಳ ಜೊತೆ ಗಾರ್ಸಿನಿಯಾ ಸೇರಿ ತೊಂದರೆಯಾದ ಪ್ರಕರಣ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಗಿದೆ.

ಈಗಾಗಲೇ ಕುಡಿಯುತ್ತಿದ್ದು ಸುಸ್ತು, ವಾಕರಿಕೆ, ಹಸಿವಿಲ್ಲದಿರುವುದು, ಹೊಟ್ಟೆಯ ಬಲಭಾಗದ ಮೇಲೆ ನೋವು, ಗಾಢ ಬಣ್ಣದ ಮೂತ್ರ, ಕಣ್ಣು ಹಳದಿಯಾಗುವುದು ಕಂಡರೆ ತಕ್ಷಣ ನಿಲ್ಲಿಸಿ ವೈದ್ಯರ ಬಳಿ ಹೋಗಿ. ಏನು ಕುಡಿದಿರಿ ಎಂಬುದನ್ನು ಮುಚ್ಚಿಡಬೇಡಿ, ಡಬ್ಬಿಯನ್ನೂ ಒಯ್ಯಿರಿ.

ಇನ್ನೊಂದು ಮಾತು. ಉಪ್ಪಾಗೆ ಹಣ್ಣಾಗುವುದು ಮಳೆಗಾಲದಲ್ಲಿ. ಬಿಸಿಲಿಲ್ಲದ ಕಾರಣ ಕೊಯ್ದವರು ಸಿಪ್ಪೆಯನ್ನು ಬೆಂಕಿಯ ಮೇಲೆ ಒಣಗಿಸಬೇಕು. ಮಾತ್ರೆ ಮಾರುಕಟ್ಟೆಯಿಂದ ಬೆಲೆ ಏರಿದಾಗ ಬಲಿಯದ ಕಾಯಿಗೂ ಕೈ ಹಾಕುತ್ತಾರೆ, ಕೊಂಬೆ ಕಡಿಯುತ್ತಾರೆ, ಸೌದೆಯೂ ಹೆಚ್ಚು ಬೇಕು. ಯಾರದೋ ಬೊಜ್ಜು ಕರಗಿಸದ ಮಾತ್ರೆಗೆ ನಮ್ಮ ಕಾಡು ಕರಗುತ್ತದೆ.

ಆ ಫಾರ್ವರ್ಡ್ ಮತ್ತೆ ಬಂದರೆ ಇಷ್ಟನ್ನು ಉತ್ತರವಾಗಿ ಕಳಿಸಿ: ಉಪ್ಪಾಗೆ ಒಳ್ಳೆಯ ಹುಳಿ. ಬೊಜ್ಜಿಗೆ ಮದ್ದು ಎನ್ನಲು ಪುರಾವೆ ಇಲ್ಲ. ಮಾತ್ರೆ, ಪುಡಿಯಾಗಿ ದಿನಾ ಸೇವಿಸಿದರೆ ಯಕೃತ್ತು ಕೆಡಬಹುದು. ಸಾರಿಗೆ ಹಾಕಿ, ಲೋಟಕ್ಕೆ ಬೇಡ.