ಬಿರಡೆ ಸವೆದ ಶ್ರುತಿಪೆಟ್ಟಿಗೆ

ಮರಳವಾಡಿಯ ಆ ಮನೆಯಲ್ಲಿ ಭಜನೆ ಶುರುವಾಗಲು ಇನ್ನೂ ಒಂದು ಗಂಟೆ ಇತ್ತು. ಜಗಲಿಯ ಮೇಲಿದ್ದ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯ ವಾಲ್ಯೂಮ್ ತಿರುಗಿಸಿದರೆ ಮೊದಲು ‘ಕರಕರ’, ಆಮೇಲೆ ಷಡ್ಜ. ಶ್ರುತಿಯನ್ನು ನವಿರಾಗಿ ಹೊಂದಿಸುವ ನಾಬ್ ಇರಲೇ ಇಲ್ಲ. ಬೋಳು ಕಡ್ಡಿಯನ್ನು ಇಕ್ಕಳದಲ್ಲಿ ಹಿಡಿದು ತಿರುಗಿಸುತ್ತಿದ್ದರು.

“ಹುಡುಗ್ರು ಹೊಸದು ತಕ್ಕೊಂಬುಡಾನ ಅಂತಾವ್ರೆ ಸಾ. ಒಳಗೆಲ್ಲಾ ಚೆನ್ನಾಗೈತೆ, ಬಿರಡೆ ಹೋಗೈತೆ ಅಷ್ಟೇ,” ಅಂದರು ಹಾರ್ಮೋನಿಯಂ ನುಡಿಸುವ ಹಿರಿಯರು.

ತಂಬೂರಿಯ ತಂತಿ ಬಿಗಿಯುವ ಮರದ ಗೂಟಕ್ಕೆ ಬಿರಡೆ ಅನ್ನುತ್ತಾರೆ. ಕೊಳಲು ವಾದಕರೂ ಎಂಜಿನಿಯರೂ ಆದ ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರು 1970ರ ದಶಕದಲ್ಲಿ ಶ್ರುತಿಯನ್ನು ಸರ್ಕ್ಯೂಟಿಗೆ ಇಳಿಸುವ ಕೆಲಸಕ್ಕೆ ಕೈಹಾಕಿದ ಮೇಲೆ, ನಮ್ಮ ಕಛೇರಿಗಳಲ್ಲೂ ಭಜನೆಮನೆಗಳಲ್ಲೂ ಬಿರಡೆಯ ಜಾಗಕ್ಕೆ ಪ್ಲಾಸ್ಟಿಕ್ ನಾಬ್ ಬಂತು. ಹೆಸರು ಮಾತ್ರ ಈ ಹಿರಿಯರ ಬಾಯಲ್ಲಿ ಉಳಿದಿದೆ. ಅವರ ರೋಗನಿದಾನವೂ ಸರಿಯಾಗೇ ಇತ್ತು. ಇಂಥ ಪೆಟ್ಟಿಗೆಗಳಲ್ಲಿ ಐ.ಸಿ.ಗಳು ದಶಕಗಟ್ಟಲೆ ಬಾಳುತ್ತವೆ, ಬೆರಳು ತಾಗುವ ಜಾಗವೇ ಮೊದಲು ಸವೆಯುವುದು.

ಪ್ಲಗ್ ಕಿತ್ತು ತಿರುಪು ಬಿಚ್ಚಿದೆವು. ನಾಬಿನ ಕೆಳಗಿರುವುದು ಮೂರು ಕಾಲಿನ ಪುಟ್ಟ ಡಬ್ಬಿ. ಅದರೊಳಗೆ ಕುದುರೆ ಲಾಳದ ಆಕಾರದಲ್ಲಿ ಇಂಗಾಲ ಬಳಿದ ಪಟ್ಟಿ, ಪಟ್ಟಿಯ ಮೇಲೆ ಜಾರುವ ಲೋಹದ ನಾಲಗೆ. ನಾಬ್ ತಿರುಗಿಸಿದಾಗ ನಾಲಗೆ ಸರಿದು, ಪಟ್ಟಿಯ ಎಷ್ಟು ಪಾಲು ವಿದ್ಯುತ್ತಿಗೆ ಅಡ್ಡ ನಿಲ್ಲಬೇಕು ಎಂಬುದು ಬದಲಾಗುತ್ತದೆ. ವಾಲ್ಯೂಮಿಗೆ ಹಾಕುವ ಪಟ್ಟಿಯಲ್ಲಿ ಇಂಗಾಲವನ್ನು ಬೇಕೆಂದೇ ಏರುಪೇರಾಗಿ ಬಳಿದಿರುತ್ತಾರೆ. ಅರ್ಧ ಸುತ್ತು ತಿರುಗಿಸಿದರೂ ಒಟ್ಟು ರೋಧದ ಹತ್ತರಲ್ಲೊಂದು ಪಾಲಿನಷ್ಟೇ ದಾಟಿರುತ್ತದೆ. ನಮ್ಮ ಕಿವಿಯ ಲೆಕ್ಕವೇ ಹಾಗೆ: ಸದ್ದು ಎರಡರಷ್ಟಾಯಿತು ಅನ್ನಿಸಲು ಶಕ್ತಿ ಸುಮಾರು ಹತ್ತರಷ್ಟಾಗಬೇಕು. ಹಾಗಾಗಿ ಬದಲಿ ತರುವಾಗ ಮೈಮೇಲಿನ ಅಕ್ಷರ ನೋಡಿಯೇ ತರಬೇಕು. ಈಗಿನ ಸಾಮಾನ್ಯ ರೂಢಿಯಲ್ಲಿ ‘ಎ’ ಅಂದರೆ ಕಿವಿಯ ಲೆಕ್ಕದ್ದು, ‘ಬಿ’ ಅಂದರೆ ಸಮನಾಗಿ ಏರುವಂಥದ್ದು. ವಾಲ್ಯೂಮಿಗೆ ‘ಬಿ’ ಹಾಕಿದರೆ ಚೂರು ತಿರುಗಿಸುವಷ್ಟರಲ್ಲಿ ಅರಚುತ್ತದೆ, ಉಳಿದ ಸುತ್ತು ದಂಡ.

ಕರಕರ ಎಲ್ಲಿಂದ ಬಂತು? ನಾಲಗೆ ಸರಿಯುವಾಗ ದಾರಿಯಲ್ಲಿ ಧೂಳಿನ ಕಣ ಅಡ್ಡ ಬಂದರೆ ಸಂಪರ್ಕ ಒಂದು ಕ್ಷಣ ತಪ್ಪಿ ಮತ್ತೆ ಕೂಡುತ್ತದೆ. ಆ ಸಣ್ಣ ನೆಗೆತವನ್ನೂ ಆಂಪ್ಲಿಫೈಯರ್ ಸಂಗೀತವೆಂದೇ ತಿಳಿದು ಹಿಗ್ಗಿಸುತ್ತದೆ. ಇಲ್ಲಿ ಇನ್ನೊಂದು ಕಾರಣವೂ ಸಿಕ್ಕಿತು. ವಾರವಿಡೀ ಪೆಟ್ಟಿಗೆ ಇರುತ್ತಿದ್ದದ್ದು ಹುಳುಮನೆಯಲ್ಲಿ, ರೇಷ್ಮೆಹುಳು ಗೂಡು ಕಟ್ಟುವ ಚಂದ್ರಿಕೆಗಳ ಪಕ್ಕ. ರೇಷ್ಮೆಹುಳುವಿಗೆ ರೋಗ ತಗಲದಿರಲೆಂದು ಹುಳುಮನೆಯನ್ನು ಬ್ಲೀಚಿಂಗ್ ಪೌಡರಿನಲ್ಲಿ ತೊಳೆಯುತ್ತಾರೆ, ಸುಣ್ಣ ಉದುರಿಸುತ್ತಾರೆ. ಹುಳುವನ್ನು ಉಳಿಸುವ ಆ ಕ್ಲೋರಿನ್ನೇ ಲೋಹವನ್ನು ತಿನ್ನುತ್ತದೆ. ನಾಲಗೆಯ ಮೇಲೆ ಹಸಿರು ಕಿಲುಬು ಕಾಣುತ್ತಿತ್ತು.

ಅದರ ಮೇಲೆ ಯಾರೋ ಕೊಬ್ಬರಿ ಎಣ್ಣೆ ಬೇರೆ ಬಿಟ್ಟಿದ್ದರು! ಎರಡು ದಿನ ಸದ್ದಡಗಿತಂತೆ. ಆಮೇಲೆ ಎಣ್ಣೆಗೆ ಧೂಳು ಅಂಟಿ ಕೆಸರಾಯಿತು. ಎಲೆಕ್ಟ್ರಾನಿಕ್ಸ್ ಅಂಗಡಿಯ ಕಾಂಟ್ಯಾಕ್ಟ್ ಕ್ಲೀನರನ್ನು ಕಾಲುಗಳ ಹತ್ತಿರದ ಸಂದಿಯಲ್ಲಿ ಚೂರೇ ಚೂರು ಸಿಂಪಡಿಸಿ, ಕಡ್ಡಿಯನ್ನು ಆ ತುದಿಯಿಂದ ಈ ತುದಿಗೆ ಇಪ್ಪತ್ತು ಮೂವತ್ತು ಸಲ ತಿರುಗಿಸಿದೆವು. ನಾಲಗೆ ತನ್ನ ದಾರಿಯನ್ನು ತಾನೇ ಉಜ್ಜಿಕೊಳ್ಳುತ್ತದೆ. ಇಂಗಾಲವೇ ಸವೆದು ಬಿಳಿಚಿದ್ದರೆ ಯಾವ ಕ್ಲೀನರೂ ಕೆಲಸಕ್ಕೆ ಬಾರದು, ಬೆಸುಗೆ ಬಿಡಿಸಿ ಹೊಸದು ಹಾಕಬೇಕು.

ಶ್ರುತಿಯ ಮನೆ ಬದಲಿಸುವ ಗುಂಡಿಗಳ ಕಾಯಿಲೆ ಬೇರೆ. ಒಂದು ಸಲ ಒತ್ತಿದರೆ ಶ್ರುತಿ ಎರಡು ಮನೆ ಜಿಗಿಯುತ್ತಿತ್ತು. ಗುಂಡಿಯೊಳಗೆ ತಲೆಕೆಳಗಾದ ಬಟ್ಟಲಿನಂಥ ತೆಳು ಲೋಹದ ತಗಡು ಇರುತ್ತದೆ. ಒತ್ತಿದಾಗ ಅದು ಟಕ್ಕೆಂದು ಬಗ್ಗಿ ತಳಕ್ಕೆ ತಾಗಿ, ನೆಲಕ್ಕೆ ಬಿದ್ದ ಗೋಲಿಯ ಹಾಗೆ ಕೆಲವು ಮಿಲಿಸೆಕೆಂಡ್ ಕುಪ್ಪಳಿಸುತ್ತದೆ. ಹೊಸದರಲ್ಲಿ ಈ ಕುಪ್ಪಳಿಕೆಯನ್ನು ಒಳಗಿನ ಚಿಪ್ ಕಾದು ನೋಡಿ ಲೆಕ್ಕಕ್ಕೆ ಬಿಡುತ್ತದೆ. ತಗಡು ದಣಿದ ಮೇಲೆ ಕುಪ್ಪಳಿಕೆ ಉದ್ದವಾಗಿ, ಚಿಪ್ಪಿಗೆ ಅದು ಎರಡು ಒತ್ತಿನಂತೆ ಕಾಣುತ್ತದೆ. ನಾಲ್ಕು ಕಾಲಿನ ಹೊಸ ಗುಂಡಿಗೆ ಕೆಲವೇ ರೂಪಾಯಿ. ಕೀಬೋರ್ಡುಗಳಲ್ಲೂ ಟಿ.ವಿ. ರಿಮೋಟಿನಲ್ಲೂ ಇರುವ ರಬ್ಬರ್ ಗುಂಡಿಯಾದರೆ, ತಳದ ಕಪ್ಪು ಇಂಗಾಲದ ಬಿಲ್ಲೆಯನ್ನು ಸ್ಪಿರಿಟ್ ತಾಗಿಸಿದ ಹತ್ತಿಯಲ್ಲಿ ಮೆಲ್ಲಗೆ ಒರೆಸಿದರೆ ಎಷ್ಟೋ ಸಲ ಸರಿಹೋಗುತ್ತದೆ.

ಉಳಿದದ್ದು ಕಳೆದುಹೋದ ಬಿರಡೆ. ನಾಬ್ ಸೀಳಿದ್ದರೆ ಹೊರಗಿನಿಂದ ನೂಲು ಸುತ್ತಿ ಫೆವಿಕ್ವಿಕ್ ಕುಡಿಸಬಹುದು. ಸಡಿಲವಾಗಿದ್ದರೆ ಸೀಳಿರುವ ಹಲ್ಲಿನ ಕಡ್ಡಿಯನ್ನು ಬ್ಲೇಡಿನಿಂದ ಕೂದಲೆಳೆಯಷ್ಟು ಅಗಲಿಸಬಹುದು. ಇಲ್ಲಿ ನಾಬೇ ಇಲ್ಲವಲ್ಲ! ಕನಕಪುರದ ಅಂಗಡಿಗಳಲ್ಲಿ ಆ ಅಳತೆಯದು ಸಿಗಲಿಲ್ಲ. ಚನ್ನಪಟ್ಟಣ ನೆನಪಾಯಿತು.

1800ರಲ್ಲಿ ಈ ಸೀಮೆಯಲ್ಲಿ ಓಡಾಡಿದ ಫ್ರಾನ್ಸಿಸ್ ಬುಕಾನನ್, ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುವ ಚನ್ನಪಟ್ಟಣದ ಕಸುಬಿನ ಬಗ್ಗೆ ಬರೆದಿದ್ದಾನೆ. ತಂತಿ ಕೊಟ್ಟ ಊರು ಬಿರಡೆ ಕೊಡಲಾರದೆ? ಬೊಂಬೆ ಕಡೆಯುವವರು ಆಲೆ ಮರದ ತುಂಡನ್ನು ಲೇತಿಗೆ ಸಿಕ್ಕಿಸಿದರು. ಉಳಿ ತಾಗಿದ್ದೇ ಬಿಳಿ ಹೊಟ್ಟು ಹಾರಿತು. ಆಮೇಲೆ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರು. ತಿಕ್ಕಾಟದ ಬಿಸಿಗೇ ಅರಗು ಕರಗಿ ಮೈಗೆ ಹತ್ತಿತು, ಗರಿಯಲ್ಲಿ ಉಜ್ಜಿದಾಗ ಹೊಳಪು ಬಂತು. ಹಳೆಯ ಗ್ರಾಮಫೋನ್ ತಟ್ಟೆಗಳನ್ನು ಮಾಡುತ್ತಿದ್ದದ್ದೂ ಅರಗಿನಿಂದಲೇ. ಅರಗಿನ ಹುಳುವಿನ ಅಂಟಿಗೆ ಸಂಗೀತದ ನಂಟು ಹೊಸದಲ್ಲ.

ಬರಿ ಮರಕ್ಕೆ ತೂತು ಕೊರೆದರೆ ಹಲ್ಲಿನ ಕಡ್ಡಿ ಅದನ್ನು ಸೀಳಿಬಿಡುತ್ತದೆ. ಅದಕ್ಕೆ ಹಳೆಯ ರೇಡಿಯೋ ಏರಿಯಲ್ ಕೊಳವೆಯ ತುಣುಕೊಂದನ್ನು ತೂತಿನೊಳಗೆ ಅಂಟಿಸಿ, 6 ಮಿ.ಮೀ. ಕಡ್ಡಿಗೆ ಕೂರಿಸಿದೆವು.

ಮುಂದಿನ ವಾರ ಹಿರಿಯರು ತಿರುಗಿಸಿ ನೋಡಿದರು. ಕರಕರ ಇರಲಿಲ್ಲ. ಕೆಂಪು ಬಿರಡೆಯ ಮೇಲೆ ಗುರುತಿನ ಗೆರೆ ಹಾಕಿಸುವುದನ್ನು ಮಾತ್ರ ನಾನು ಮರೆತಿದ್ದೆ. ಅವರು ಕುಂಕುಮದ ಭರಣಿಯಿಂದ ಚಿಟಿಕೆ ತೆಗೆದರು, ಕೆಂಪಿನ ಮೇಲೆ ಕೆಂಪು ಕಾಣದೆಂದು ಅದನ್ನು ಬಿಟ್ಟು, ಒಂದು ಚುಕ್ಕೆ ಸುಣ್ಣ ಇಟ್ಟರು.