ಸಂಬಳ ಬಿಟ್ಟವನ ಲೆಕ್ಕ

ಬಕ್ರೀದ್‌ಗೆ ಊರಿಗೆ ಬಂದಿದ್ದ ನಮ್ಮ ದೊಡ್ಡಪ್ಪನ ಮಗ ಊಟ ಮುಗಿದ ಮೇಲೆ ಒಂದು ಸುದ್ದಿ ಹೇಳಿದ. ಬೆಂಗಳೂರಿನ ಸಾಫ್ಟ್‌ವೇರ್ ಕೆಲಸ ಬಿಟ್ಟು ಸ್ವಂತ ಸ್ಟಾರ್ಟಪ್ ಶುರು ಮಾಡುತ್ತಾನಂತೆ. ಅಡಿಕೆ ತೋಟದವರಿಗೆ ಕೊನೆಗಾರರನ್ನೂ ಔಷಧಿ ಹೊಡೆಯುವವರನ್ನೂ ಫೋನಿನಲ್ಲೇ ಗೊತ್ತು ಮಾಡಿಕೊಡುವ ಆ್ಯಪ್ ಅದು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದಲ್ಲಿ ತೋಟ ಇರುವ ಯಾರನ್ನು ಕೇಳಿದರೂ ಆಳು ಸಿಗುವುದಿಲ್ಲ ಎಂದೇ ಹೇಳುತ್ತಾರೆ, ಹಾಗಾಗಿ ಯೋಚನೆ ಒಳ್ಳೆಯದೇ. ಆದರೂ ದಾದಿ ಅಳುವುದೊಂದು ಬಾಕಿ. ಒಂದನೇ ತಾರೀಖು ತಪ್ಪದೆ ಸಂಬಳ ಬರುವ ಕೆಲಸವನ್ನು ಯಾರಾದರೂ ಬಿಡುತ್ತಾರಾ ಎಂದರು. ಪೇಟೆಯಲ್ಲಿ ದಿನಸಿ ಅಂಗಡಿ ಇಟ್ಟಿರುವ ಅಬ್ಬ ಮಾತ್ರ ಬೈಯಲೂ ಇಲ್ಲ, ಹೊಗಳಲೂ ಇಲ್ಲ. "ಪೈಸೆ ಕಿತ್ತೆ ದಿನ್ ಮೆ ವಾಪಸ್ ಆತೆ?" ಎಂದು ಕೇಳಿದರು. ಹಾಕಿದ ದುಡ್ಡು ಎಷ್ಟು ದಿನಕ್ಕೆ ತಿರುಗಿ ಬರುತ್ತದೆ ಎಂದು ಅದರ ಅರ್ಥ. ಭಾಯ್ ಹತ್ತಿರ ಉತ್ತರ ಇರಲಿಲ್ಲ. ಆ ಪ್ರಶ್ನೆಯನ್ನು ನಾನಾದರೂ ಅರ್ಥ ಮಾಡಿಕೊಳ್ಳೋಣ ಎಂದು ಕುಳಿತಾಗ ಹುಟ್ಟಿದ ಬರಹ ಇದು.

ಐಟಿ ಕೆಲಸ ಬಿಟ್ಟು ಉದ್ಯಮಿಯಾದವರಲ್ಲಿ ನಮ್ಮ ಅಂಗಡಿಗೆ ಹತ್ತಿರದ ಉದಾಹರಣೆ ಎಂದರೆ ಪಿ. ಸಿ. ಮುಸ್ತಫಾ. ಊರು ವಯನಾಡಿನ ಚೆನ್ನಲೋಡು. ತಂದೆ ಕಾಫಿ ತೋಟದಲ್ಲಿ ದಿನಗೂಲಿ ಮಾಡುತ್ತಿದ್ದರು. ಮುಸ್ತಫಾ ಆರನೇ ತರಗತಿಯಲ್ಲಿ ಫೇಲಾದರು. ಮ್ಯಾಥ್ಯೂ ಎಂಬ ಮೇಷ್ಟ್ರು ಅವರನ್ನು ಮತ್ತೆ ಶಾಲೆಗೆ ಕರೆತಂದು ಹೆಚ್ಚಿನ ಪಾಠ ಹೇಳಿಕೊಟ್ಟ ಕಥೆಯನ್ನು ಅವರೇ ಹಲವು ಸಲ ಹೇಳಿದ್ದಾರೆ. ಮುಂದೆ ಕ್ಯಾಲಿಕಟ್‌ನ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಓದಿ ಮೊಟೊರೊಲಾದಲ್ಲಿ, ಆಮೇಲೆ ದುಬೈನ ಸಿಟಿಬ್ಯಾಂಕಿನಲ್ಲಿ ಕೆಲಸ ಮಾಡಿದರು. ಊರಿಗೆ ಮರಳಿದ ಮೇಲೆ ಬೆಂಗಳೂರಿನ ಐಐಎಂಗೆ ಸೇರಿದರು. 2005ರಲ್ಲಿ ಅವರೂ ಅವರ ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳಂತಿದ್ದ ಸಂಬಂಧಿಕರೂ ಸೇರಿ ತಿಪ್ಪಸಂದ್ರದ ಒಂದು ಪುಟ್ಟ ಕೋಣೆಯಲ್ಲಿ ಇಡ್ಲಿ ದೋಸೆ ಹಿಟ್ಟು ರುಬ್ಬಲು ಶುರು ಮಾಡಿದರು. ಕಂಪನಿಯ ಹೆಸರು ಐಡಿ, ಇಡ್ಲಿಯ ಐ ಮತ್ತು ದೋಸೆಯ ಡಿ. ಮೊದಲ ಗುರಿ 20 ಅಂಗಡಿ, ದಿನಕ್ಕೆ 100 ಪ್ಯಾಕೆಟ್. ಆ 100 ಮುಟ್ಟಲು ಒಂಬತ್ತು ತಿಂಗಳು ಹಿಡಿಯಿತು.

ನೂರು ಪ್ಯಾಕೆಟ್‌ಗೆ ಒಂಬತ್ತು ತಿಂಗಳೇ ಎಂದು ನನಗೂ ಅನ್ನಿಸಿತ್ತು. ಅಮ್ಮಿಯ ಅಡುಗೆಮನೆ ನೋಡಿದರೆ ಕಾರಣ ಗೊತ್ತಾಗುತ್ತದೆ. ದೋಸೆ ಹಿಟ್ಟು ಜೀವಂತ ಪದಾರ್ಥ. ಅಕ್ಕಿ, ಉದ್ದು ನೆನೆದು ರುಬ್ಬಿದ ಮೇಲೆ ಅದರೊಳಗಿನ ಬ್ಯಾಕ್ಟೀರಿಯಾ ಸಕ್ಕರೆ ಅಂಶವನ್ನು ತಿಂದು ಹುಳಿಯನ್ನೂ ಗಾಳಿಯನ್ನೂ ಬಿಡುತ್ತವೆ. ಹಿಟ್ಟು ಉಬ್ಬುವುದು ಆ ಗಾಳಿಯಿಂದ. ಆಷಾಢದ ಮಳೆಯಲ್ಲಿ ನಮ್ಮ ಮಲೆನಾಡಿನ ಮನೆಗಳಲ್ಲಿ ಹಿಟ್ಟು ಉಬ್ಬುವುದೇ ಇಲ್ಲ, ಪಾತ್ರೆಯನ್ನು ಒಲೆಯ ಪಕ್ಕ ಇಡಬೇಕು. ಏಪ್ರಿಲ್‌ನಲ್ಲಿ ಬೆಳಗಾಗುವಷ್ಟರಲ್ಲಿ ಪಾತ್ರೆ ಮೀರಿ ಚೆಲ್ಲಿರುತ್ತದೆ. ಮನೆಯಲ್ಲಾದರೆ ನೆಲ ಒರೆಸಿದರಾಯಿತು. ಪ್ಯಾಕೆಟ್ ಮಾಡಿ ಮಾರುವವನಿಗೆ ಆ ಗಾಳಿಯೇ ಶತ್ರು. ಪ್ಯಾಕೆಟ್ ಬಲೂನಿನಂತೆ ಊದುತ್ತದೆ, ಒಡೆಯುತ್ತದೆ, ಗಿರಾಕಿ ಮುಟ್ಟುವುದಿಲ್ಲ. ರುಬ್ಬಿದ ಹೊತ್ತಿನಿಂದ ಅಂಗಡಿಯ ಫ್ರಿಜ್ಜಿನವರೆಗೆ ತಂಪು ತಪ್ಪಬಾರದು. ಇಷ್ಟೆಲ್ಲ ಮಾಡಿದರೂ ಅದರ ಆಯಸ್ಸು ಕೆಲವೇ ದಿನ.

ಸಾಫ್ಟ್‌ವೇರ್ ಓದಿದವರಿಗೆ ಇದು ದೊಡ್ಡ ಆಘಾತ ಆಗಿರಬೇಕು ಎಂಬುದು ನನ್ನ ಊಹೆ. ಒಂದು ಪ್ರೋಗ್ರಾಂ ಬರೆದರೆ ಹತ್ತು ಜನಕ್ಕೂ ಅದೇ, ಹತ್ತು ಲಕ್ಷ ಜನಕ್ಕೂ ಅದೇ. ಇವತ್ತು ಮಾರಾಟವಾಗದಿದ್ದರೆ ನಾಳೆಗೆ ಹಳಸುವುದಿಲ್ಲ. ಹಿಟ್ಟು ಹಾಗಲ್ಲ.

ನಮ್ಮ ಅಂಗಡಿಗೂ ಸ್ಥಳೀಯವಾಗಿ ರುಬ್ಬುವ ಒಬ್ಬರು ಹಿಟ್ಟಿನ ಪ್ಯಾಕೆಟ್ ತಂದು ಕೊಡುತ್ತಾರೆ. ಮಾರಾಟವಾಗದೆ ಉಳಿದದ್ದನ್ನು ಅವರೇ ವಾಪಸ್ ತೆಗೆದುಕೊಂಡು ಹೋಗುತ್ತಾರೆ. ಈ ವಾಪಸ್ ಎಂಬುದರ ಲೆಕ್ಕ ನೋಡಿ. ಅಂಕಿಗಳು ಉದಾಹರಣೆಗೆ ನಾನೇ ಹಾಕಿಕೊಂಡವು. ಒಂದು ಪ್ಯಾಕೆಟ್ ತಯಾರಿಸಲು 30 ರೂಪಾಯಿ ಖರ್ಚು, ಅಂಗಡಿಗೆ 36ಕ್ಕೆ ಕೊಡುತ್ತಾರೆ. ದಿನಕ್ಕೆ 100 ಪ್ಯಾಕೆಟ್ ಎಂದರೆ ಖರ್ಚು 3,000. ಎಲ್ಲವೂ ಮಾರಿದರೆ 3,600 ಬಂದು 600 ಲಾಭ. 10 ಪ್ಯಾಕೆಟ್ ವಾಪಸ್ ಬಂದರೆ ಕೈಗೆ ಬರುವುದು 3,240, ಲಾಭ 240. ನೂರರಲ್ಲಿ ಹತ್ತೇ ಹಾಳಾದದ್ದು, ಆದರೆ ಲಾಭ ಅರ್ಧಕ್ಕಿಂತ ಕೆಳಗೆ ಬಂತು. 20 ವಾಪಸ್ ಬಂದರೆ 2,880 ಮಾತ್ರ, ಕೈಯಿಂದ 120 ಹೋಯಿತು. 84 ಪ್ಯಾಕೆಟ್ ಮಾರಾಟವಾಗುವವರೆಗೆ ಆ ಮನುಷ್ಯ ಬೇರೆಯವರಿಗಾಗಿ ದುಡಿಯುತ್ತಿರುತ್ತಾನೆ. ಹಾಗೆಂದು ಕಡಿಮೆ ಕೊಟ್ಟರೆ ಸಂಜೆ ಬಂದ ಗಿರಾಕಿ ಬೇರೆ ಪ್ಯಾಕೆಟ್ ಒಯ್ಯುತ್ತಾನೆ, ಮರುದಿನ ಅದನ್ನೇ ಕೇಳುತ್ತಾನೆ. ಯಾವ ಅಂಗಡಿಗೆ ನಾಳೆ ಎಷ್ಟು ಎಂದು ಇವತ್ತೇ ಊಹಿಸಬೇಕು. ಅಂಗಡಿವಾರು, ವಾರದ ದಿನವಾರು ಅಂಕಿ ಇಟ್ಟು ನೋಡುವ ಅಭ್ಯಾಸ ಇದ್ದವರಿಗೆ ಇಲ್ಲಿ ಐಟಿ ಕೆಲಸ ಉಪಯೋಗಕ್ಕೆ ಬರುತ್ತದೆ.

ಇನ್ನು ಅಬ್ಬನ ಪ್ರಶ್ನೆ. ಅಂಗಡಿಯವರು ಹಣವನ್ನು ಏಳು ದಿನಕ್ಕೊಮ್ಮೆ ಕೊಡುತ್ತಾರೆ ಎಂದುಕೊಳ್ಳಿ. ಮೊದಲ ರೂಪಾಯಿ ಕೈಗೆ ಬರುವ ಮುಂಚೆಯೇ 21,000 ರೂಪಾಯಿ ಅಕ್ಕಿ, ಉದ್ದು, ಕರೆಂಟು, ಕೂಲಿಗೆ ಹೋಗಿರುತ್ತದೆ. ದ್ವಿತೀಯ ಪಿಯುಸಿಯಲ್ಲಿ ನಾವು ದುಡಿಯುವ ಬಂಡವಾಳ ಎಂದು ಎರಡು ಅಂಕದ ಉತ್ತರ ಬರೆಯುತ್ತೇವಲ್ಲ, ಅದು ಇದೇ. ವ್ಯಾಪಾರ ಚೆನ್ನಾಗಿ ನಡೆದು 1,000 ಪ್ಯಾಕೆಟ್ ಆಯಿತು ಎನ್ನಿ. ಆಗ ಹೊರಗೆ ನಿಲ್ಲುವ ಹಣ 2,10,000. ಎಷ್ಟು ಬೆಳೆದರೆ ಅಷ್ಟು ಹೆಚ್ಚು ದುಡ್ಡು ಸಿಕ್ಕಿಕೊಳ್ಳುತ್ತದೆ. ಪುಸ್ತಕದಲ್ಲಿ ಲಾಭ ಕಾಣುತ್ತಿರುತ್ತದೆ, ಗಲ್ಲಾದಲ್ಲಿ ಕೂಲಿಗೆ ಕೊಡಲು ಹಣ ಇರುವುದಿಲ್ಲ. ಲಾಭವೂ ನಗದೂ ಒಂದೇ ಅಲ್ಲ ಎಂದು ನಮ್ಮ ಅಕೌಂಟೆನ್ಸಿ ಪಾಠದಲ್ಲಿ ಬರುತ್ತದೆ. ಅದು ನಿಜವಾಗಿ ಅರ್ಥವಾದದ್ದು ನನಗೆ ಹಿಟ್ಟಿನ ಲೆಕ್ಕದಲ್ಲಿ.

ಸಂಬಳದವನಿಗೆ ಈ ಅಂತರ ಕಾಣುವುದೇ ಇಲ್ಲ. ಅವನ ಕಂಪನಿಗೆ ಗಿರಾಕಿ ಎರಡು ತಿಂಗಳು ಬಿಟ್ಟು ಹಣ ಕೊಡಬಹುದು, ಆದರೂ ಇವನ ಖಾತೆಗೆ ತಿಂಗಳಿಗೆ ಸರಿಯಾಗಿ ಜಮಾ ಆಗುತ್ತದೆ. ನಡುವಿನ ದಿನಗಳ ಭಾರವನ್ನು ಬೇರೆ ಯಾರೋ ಹೊತ್ತಿರುತ್ತಾರೆ. ಕೆಲಸ ಬಿಟ್ಟ ದಿನ ಆ ಭಾರ ಅವನ ಹೆಗಲಿಗೆ ಬರುತ್ತದೆ. ಸ್ಟಾರ್ಟಪ್ ಬಗ್ಗೆ ಮಾತಾಡುವವರು ಧೈರ್ಯ, ಕನಸು ಎಂದೆಲ್ಲ ಹೇಳುತ್ತಾರೆ. ಈ ದಿನಗಳ ಮಾತು ಹೇಳಿದ್ದನ್ನು ನಾನು ಕೇಳಿದ್ದು ಕಡಿಮೆ.

ಮುಸ್ತಫಾ ಅವರ ಕಥೆಯಲ್ಲೂ ಜನ ಬಿಟ್ಟುಬಿಡುವ ಒಂದು ಭಾಗ ಇದೆ. ಅವರು ಮೊದಲ ದಿನವೇ ಎಲ್ಲ ಬಿಟ್ಟು ಹಿಟ್ಟು ರುಬ್ಬಲು ಕೂರಲಿಲ್ಲ. ಹಾಕಿದ್ದು 50,000 ರೂಪಾಯಿಗೆ ಮೀರದ ಸಣ್ಣ ಬಂಡವಾಳ. ದಿನದ ವ್ಯವಹಾರವನ್ನು ಸಂಬಂಧಿಕರು ನೋಡಿಕೊಂಡರು, ಇವರು ಎಂಬಿಎ ಮುಗಿಸಿ ಆಮೇಲೆ ಪೂರ್ಣಾವಧಿಗೆ ಬಂದರು. ಅಷ್ಟರಲ್ಲಿ ಹಿಟ್ಟು ಮಾರಾಟವಾಗುತ್ತದೆ ಎಂಬುದು ಗೊತ್ತಾಗಿತ್ತು.

ನಾವು ಬೆಂಗಳೂರಿನ ರಾತ್ರಿ ಬಸ್ಸಿಗೆ ಸೀಟು ಹಿಡಿಯಲು ಬಳಸುವ ರೆಡ್‌ಬಸ್ ಕೂಡ ಇಂಥದ್ದೇ. ಬೆಂಗಳೂರಿನ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನಲ್ಲಿದ್ದ ಫಣೀಂದ್ರ ಸಾಮ ಅವರಿಗೆ ದೀಪಾವಳಿಗೆ ಹೈದರಾಬಾದಿಗೆ ಹೋಗಲು ಟಿಕೆಟ್ ಸಿಗಲಿಲ್ಲ. 2006ರಲ್ಲಿ ಇಬ್ಬರು ಗೆಳೆಯರ ಜೊತೆ ಸೇರಿ ಕಂಪನಿ ಕಟ್ಟಿದರು, 2013ರಲ್ಲಿ ಅದನ್ನು ಐಬಿಬೊ ಗುಂಪು ಕೊಂಡಿತು. ಇಲ್ಲಿ ಅಬ್ಬನ ಪ್ರಶ್ನೆಗೆ ಉತ್ತರ ತಲೆಕೆಳಗು. ಪ್ರಯಾಣಿಕ ಮೊದಲೇ ಹಣ ಕೊಟ್ಟಿರುತ್ತಾನೆ, ಬಸ್ಸು ಆಮೇಲೆ ಹೊರಡುತ್ತದೆ. ಸೀಟು ಉಳಿದರೆ ನಷ್ಟ ಬಸ್ಸಿನವನದು.

ಬಸ್ಸಿನವನ ಕಷ್ಟ ಕೊಪ್ಪದವರಿಗೆ ಹೇಳಬೇಕಾಗಿಲ್ಲ. ನೌಕರರೇ ಮಾಲೀಕರಾದ ಸಾಹಸ ನಮ್ಮಲ್ಲಿ ಸ್ಟಾರ್ಟಪ್ ಎಂಬ ಪದ ಬರುವ ಮೊದಲೇ ನಡೆದಿತ್ತು. 1991ರಲ್ಲಿ ಖಾಸಗಿ ಬಸ್ ಕಂಪನಿಯೊಂದರ ಕಾರ್ಮಿಕರು ಸೇರಿ ಕಟ್ಟಿದ ಸಹಕಾರ ಸಾರಿಗೆ ಬೆರಳೆಣಿಕೆಯ ಬಸ್ಸುಗಳಿಂದ ಶುರುವಾಗಿ 70ಕ್ಕೂ ಹೆಚ್ಚು ಬಸ್ಸುಗಳವರೆಗೆ ಬೆಳೆಯಿತು. ವಿದ್ಯಾರ್ಥಿಗಳಿಗೆ ರಿಯಾಯಿತಿ ಪಾಸು ಕೊಡುತ್ತಿದ್ದರು. ನಮ್ಮ ಅಕ್ಕಂದಿರು ಕಾಲೇಜಿಗೆ ಹೋದದ್ದು ಆ ಪಾಸಿನಲ್ಲೇ. ಡೀಸೆಲ್ ಬೆಲೆ ಏರುತ್ತಾ ಹೋಯಿತು, ಬಸ್ಸು ಖಾಲಿ ಓಡಿದರೂ ಡೀಸೆಲ್ ಮತ್ತು ಸಂಬಳದ ಖರ್ಚು ನಿಲ್ಲುವುದಿಲ್ಲ. 2020ರ ಫೆಬ್ರವರಿಯಲ್ಲಿ ಬಸ್ಸುಗಳು ನಿಂತವು. ಅದನ್ನು ಸೋತ ಕಥೆ ಎಂದು ಹೇಳಲು ನನಗೆ ಮನಸ್ಸಿಲ್ಲ. ಸುಮಾರು ಮೂವತ್ತು ವರ್ಷ ಎಷ್ಟೋ ಮನೆಗಳ ಒಲೆ ಅದರಿಂದ ಉರಿಯಿತು.

ಮಧ್ಯದ ದಿನಗಳನ್ನು ದಾಟಲು ಹಣ ಬೇಕು, ಅದು ಎಲ್ಲಿಂದ? ನಮ್ಮಂಥ ಮನೆಗಳಲ್ಲಿ ಮೊದಲು ಬರುವ ಮಾತು ಸೂದ್, ಅಂದರೆ ಬಡ್ಡಿ. ದಾದಿಗೆ ಬ್ಯಾಂಕ್ ಸಾಲದ ಹೆಸರೇ ಆಗುವುದಿಲ್ಲ. ಸಾಲ ಎಂದರೆ ವ್ಯಾಪಾರ ನಡೆಯಲಿ ಬಿಡಲಿ ಕಂತು ಕಟ್ಟಬೇಕು. ಈಕ್ವಿಟಿ ಎಂದರೆ ಹಣ ಹಾಕಿದವನೂ ಪಾಲುದಾರ, ನಷ್ಟವಾದರೆ ಅವನ ಹಣವೂ ಹೋಗುತ್ತದೆ. ಐಡಿ ಕಂಪನಿಗೆ 2014ರಲ್ಲಿ ಹೀಲಿಯನ್ ವೆಂಚರ್ಸ್‌ನಿಂದ 35 ಕೋಟಿ, 2017ರಲ್ಲಿ ಪ್ರೇಮ್‌ಜಿ ಇನ್ವೆಸ್ಟ್‌ನಿಂದ 150 ಕೋಟಿ ರೂಪಾಯಿ ಬಂದದ್ದು ಈ ಎರಡನೇ ದಾರಿಯಲ್ಲಿ. ಒಬ್ಬನ ಬಂಡವಾಳ, ಇನ್ನೊಬ್ಬನ ದುಡಿಮೆ, ಲಾಭದಲ್ಲಿ ಮಾತಾದಂತೆ ಪಾಲು ಎನ್ನುವ ಮುದಾರಬಾ ವ್ಯವಹಾರವನ್ನು ಮದರಸಾದಲ್ಲಿ ಓದಿದವರಿಗೆ ಇದು ಪರಿಚಿತ ಎನಿಸೀತು. ಆದರೆ ಎರಡೂ ಒಂದೇ ಎಂದು ಹೇಳಿಬಿಡುವುದು ತಪ್ಪು. ಹೂಡಿಕೆ ಒಪ್ಪಂದಗಳಲ್ಲಿ ಕಂಪನಿ ಮಾರಾಟವಾದರೆ ಹೂಡಿಕೆದಾರನ ಹಣ ಮೊದಲು ವಾಪಸ್ ಎಂಬಂಥ ಷರತ್ತುಗಳೂ ಇರುತ್ತವೆ. ಅಂಥದ್ದನ್ನು ಆಲಿಮರಿಗೂ ವಕೀಲರಿಗೂ ತೋರಿಸಿಯೇ ಸಹಿ ಹಾಕಬೇಕು. ಹಣ ಬಂದಷ್ಟು ಯಜಮಾನಿಕೆ ಹೋಗುತ್ತದೆ ಎಂಬುದೂ ಗೊತ್ತಿರಬೇಕು. ಒಂದನೇ ತಾರೀಖಿನ ಸಂಬಳಕ್ಕೆ ಬಾಸ್ ಇರುವ ಹಾಗೆ ಹೂಡಿಕೆಗೂ ಕೇಳುವವರು ಇರುತ್ತಾರೆ.

ಯಾವ ಖಾತೆಯಲ್ಲೂ ಬರೆಯಲಾಗದ ಒಂದು ಆಸ್ತಿಯೂ ಇದೆ. 2021ರಲ್ಲಿ ಐಡಿ ಹಿಟ್ಟಿನಲ್ಲಿ ದನದ ಮೂಳೆ ಬೆರೆಸುತ್ತಾರೆ ಎಂಬ ಸುಳ್ಳು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿತು. ಅಕ್ಕಿ, ಉದ್ದು, ಮೆಂತ್ಯ, ನೀರು ಬಿಟ್ಟು ಬೇರೇನೂ ಇಲ್ಲ, ಎಲ್ಲವೂ ಸಸ್ಯಾಹಾರಿ ಎಂದು ಕಂಪನಿ ಬಹಿರಂಗವಾಗಿ ಸ್ಪಷ್ಟನೆ ಕೊಡಬೇಕಾಯಿತು. 16 ವರ್ಷ ದಿನಾ ಬೆಳಿಗ್ಗೆ ಜನರ ಅಡುಗೆಮನೆಗೆ ಹೋದ ಪ್ಯಾಕೆಟ್ ಅದು. ಫಾರ್ವರ್ಡ್ ಮಾಡಿದವರಿಗೆ ಒಂದು ಬೆರಳಿನ ಕೆಲಸ. ನಮ್ಮ ಮನೆಯ ಗುಂಪಿಗೂ ಬೇರೆ ಬೇರೆ ವಿಷಯದ ಇಂಥ ಸುದ್ದಿಗಳು ಬರುತ್ತವೆ, ನಾವೂ ನೋಡದೆ ಮುಂದಕ್ಕೆ ಕಳಿಸಿದ್ದೇವೆ. ಅದನ್ನು ಒಪ್ಪಿಕೊಳ್ಳದೆ ಈ ಪ್ಯಾರಾ ಬರೆಯುವುದು ಸರಿಯಲ್ಲ.

ಭಾಯ್ ವಿಷಯಕ್ಕೆ ಬರುತ್ತೇನೆ. ಕೊಳೆರೋಗ ಬರದಂತೆ ಮಳೆ ಹಿಡಿಯುವ ಹೊತ್ತಿಗೆ ಒಂದು ಸಲ, ಆಮೇಲೆ ಸುಮಾರು ನಲವತ್ತು ದಿನಕ್ಕೆ ಇನ್ನೊಂದು ಸಲ ತೋಟಕ್ಕೆ ಔಷಧಿ ಹೊಡೆಯಬೇಕು. ಮರ ಹತ್ತುವವನಿಗೆ ಕೂಲಿ ಅವತ್ತೇ ಸಂಜೆ ಬೇಕು. ತೋಟದವರು ಯಾವಾಗ ಕೊಡುತ್ತಾರೆ? ಅಬ್ಬ ಕೇಳಿದ್ದು ಇದನ್ನೇ. ಭಾಯ್ ಲ್ಯಾಪ್‌ಟಾಪ್ ತೆಗೆದು ತೋರಿಸಿದ ಎಕ್ಸೆಲ್‌ನಲ್ಲಿ ಆ್ಯಪ್ ಖರ್ಚು, ಜಾಹೀರಾತು, ಮೂರು ವರ್ಷದ ಗಿರಾಕಿಗಳ ಸಂಖ್ಯೆ ಎಲ್ಲ ಇತ್ತು. ಇದಕ್ಕೊಂದು ಕಾಲಂ ಇರಲಿಲ್ಲ. ಮರುದಿನ ಬೈಕ್ ತೆಗೆದುಕೊಂಡು ಕೊಪ್ಪ, ಶೃಂಗೇರಿ ಕಡೆಯ 14 ತೋಟದವರನ್ನು ಕೇಳಿ ಬಂದ, ಹಿಂದೆ ನಾನೂ ಕೂತಿದ್ದೆ. ಐದು ಜನ ಕೆಲಸ ಮುಗಿದ ಕೂಡಲೇ ಕೊಡುತ್ತೇವೆ ಎಂದರು. ಒಂಬತ್ತು ಜನ ಅಡಿಕೆ ಮಾರಿದ ಮೇಲೆ ಎಂದರು.

ರಾಜೀನಾಮೆ ಇನ್ನೂ ಕೊಟ್ಟಿಲ್ಲ. ಕೂಡಲೇ ಕೊಡುತ್ತೇವೆ ಎಂದ ಐದು ತೋಟಗಳನ್ನು ಮಾತ್ರ ಹಿಡಿದು, ಈ ಮಳೆಗಾಲ ಶನಿವಾರ ಭಾನುವಾರ ಬಂದು ಮಾಡಿ ನೋಡುತ್ತಾನಂತೆ. ಲೆಕ್ಕ ಬರೆಯುವ ಕೆಲಸ ನನಗೆ ವಹಿಸಿದ್ದಾನೆ. ಸಂಬಳದ ಮಾತು ಇನ್ನೂ ಆಗಿಲ್ಲ.