ನಿದ್ರೆಯ ಹೊತ್ತಿಗೆ ಮೊಬೈಲ್ ದೂರವಿರಲಿ

ಹಗಲಿಡೀ ದುಡಿದು ದಣಿದ ದೇಹಕ್ಕೆ ನಿದ್ರೆಯೇ ದೊಡ್ಡ ಔಷಧ. ಆದರೆ ಇಂದು ನಮ್ಮಲ್ಲಿ ಅನೇಕರು ದೀಪವಾರಿಸಿದ ಮೇಲೂ ಮೊಬೈಲನ್ನು ಕೈಬಿಡುವುದಿಲ್ಲ. ಐದು ನಿಮಿಷವೆಂದು ಹಿಡಿದದ್ದು ನಡುರಾತ್ರಿಯವರೆಗೂ ಮುಂದುವರಿಯುತ್ತದೆ. ಬೆಳಗಾದರೆ ತಲೆಭಾರ, ಕಣ್ಣುರಿ, ಮಾತುಮಾತಿಗೂ ಸಿಡುಕು. ಇದಕ್ಕೆ ಕಾರಣವೇನೆಂಬುದನ್ನು ನಾವು ಅರಿಯಬೇಕು.

ನಮ್ಮ ಮೆದುಳಿನಲ್ಲಿ ಹಗಲಿರುಳನ್ನು ಅಳೆಯುವ ಜೈವಿಕ ಗಡಿಯಾರವೊಂದಿದೆ. ಕಣ್ಣಿನ ಅಕ್ಷಿಪಟಲದಲ್ಲಿರುವ ಕೆಲವು ವಿಶೇಷ ಜೀವಕೋಶಗಳು ಹೊರಗಿನ ಬೆಳಕಿನ ಸುದ್ದಿಯನ್ನು ಅದಕ್ಕೆ ಮುಟ್ಟಿಸುತ್ತವೆ. ಕತ್ತಲಾದಾಗ ಪೀನಿಯಲ್ ಗ್ರಂಥಿಯು ಮೆಲಟೋನಿನ್ ಎಂಬ ಹಾರ್ಮೋನನ್ನು ಸ್ರವಿಸುತ್ತದೆ. ಅದು ದೇಹಕ್ಕೆ ರಾತ್ರಿಯಾಯಿತೆಂಬ ಸೂಚನೆ. ಆ ಜೀವಕೋಶಗಳು ನೀಲಿ ಬೆಳಕಿಗೆ ಹೆಚ್ಚಾಗಿ ಸ್ಪಂದಿಸುತ್ತವೆ. ಮೊಬೈಲ್, ಟ್ಯಾಬ್ಲೆಟ್‌ಗಳ ಪರದೆಯಲ್ಲಿ ಈ ನೀಲಿ ಬೆಳಕು ಹೆಚ್ಚಾಗಿರುವುದರಿಂದ, ಇನ್ನೂ ಹಗಲಿದೆಯೆಂದೇ ಮೆದುಳು ಭ್ರಮಿಸುತ್ತದೆ.

ಅಮೆರಿಕದ ವಿಜ್ಞಾನಿಗಳು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 12 ಮಂದಿ ಐದು ರಾತ್ರಿ ಬೆಳಕು ಸೂಸುವ ಪರದೆಯ ಮೇಲೆ, ಇನ್ನೈದು ರಾತ್ರಿ ಮುದ್ರಿತ ಪುಸ್ತಕದಲ್ಲಿ ಓದಿದರು. ಪರದೆಯಲ್ಲಿ ಓದಿದಾಗ ಮೆಲಟೋನಿನ್ ಕುಗ್ಗಿತು, ನಿದ್ರೆ ಸುಮಾರು 10 ನಿಮಿಷ ತಡವಾಯಿತು, ಮರುದಿನ ಬೆಳಗಿನ ಚುರುಕೂ ಕುಂದಿತು.

ಹತ್ತೇ ನಿಮಿಷವಲ್ಲವೇ ಎಂದು ಕೇಳಬಹುದು. ಬೆಳಕು ಕಸಿಯುವುದು ನಿಮಿಷಗಳನ್ನಾದರೆ, ಪರದೆಯೊಳಗಿನ ವಿಷಯ ಕಸಿಯುವುದು ಗಂಟೆಗಳನ್ನು. ಒಂದರ ಹಿಂದೊಂದು ಬರುವ ವಿಡಿಯೊ, ಕೋಪ ತರಿಸುವ ಸಂದೇಶ, ಆಟದ ಸೋಲುಗೆಲುವು ಇವೆಲ್ಲ ಮನಸ್ಸನ್ನು ಕೆರಳಿಸುತ್ತವೆ. ಆದ್ದರಿಂದ ಪರದೆಯನ್ನು ಹಳದಿ ಬಣ್ಣಕ್ಕೆ ತಿರುಗಿಸಿಕೊಂಡ ಮಾತ್ರಕ್ಕೆ ಸಮಸ್ಯೆ ತೀರದು.

ಹಾಗಾದರೆ ಮಾಡಬೇಕಾದುದೇನು? ಮಲಗುವ ಒಂದು ಗಂಟೆ ಮೊದಲೇ ಮೊಬೈಲನ್ನು ಕೆಳಗಿಡೋಣ. ಚಾರ್ಜಿಗೆ ಹಾಕುವ ಸ್ಥಳ ಪಡಸಾಲೆಯಾಗಿರಲಿ, ಹಾಸಿಗೆಯ ಪಕ್ಕ ಬೇಡ. ಬೆಳಿಗ್ಗೆ ಎಬ್ಬಿಸಲು ಅಲಾರಂ ಗಡಿಯಾರವೇ ಸಾಕು. ಮಂದ ಬೆಳಕಿನಲ್ಲಿ ಪುಸ್ತಕ ಓದಬಹುದು, ಮನೆಯವರೊಡನೆ ನಾಲ್ಕು ಮಾತಾಡಬಹುದು. ಇಷ್ಟಾದರೂ ವಾರದಲ್ಲಿ ಮೂರು ರಾತ್ರಿಯಂತೆ ಮೂರು ತಿಂಗಳು ನಿದ್ರಾಹೀನತೆ ಕಾಡಿದರೆ ವೈದ್ಯರನ್ನು ಕಾಣಲೇಬೇಕು.

ಹದಿಹರೆಯದ ಮಕ್ಕಳಿಗೆ ದಿನಕ್ಕೆ 8ರಿಂದ 10 ಗಂಟೆಗಳ ನಿದ್ರೆ ಅಗತ್ಯ. ಹಗಲು ಕಲಿತ ಪಾಠ ನೆನಪಿನಲ್ಲಿ ನೆಲೆಗೊಳ್ಳುವುದು ನಿದ್ರೆಯಲ್ಲಿಯೇ. ಆದರೆ ನಮ್ಮ ಕೈಯಲ್ಲೇ ಮೊಬೈಲ್ ಬೆಳಗುತ್ತಿರುವಾಗ ಮಕ್ಕಳಿಗೆ ಹೇಳುವ ಬುದ್ಧಿಮಾತಿಗೆ ಬೆಲೆಯೆಲ್ಲಿಯದು? ಮೊದಲು ಹಿರಿಯರಾದ ನಾವು ಇಂದಿನ ರಾತ್ರಿಯೇ ಮೊಬೈಲನ್ನು ಪಡಸಾಲೆಯಲ್ಲಿಟ್ಟು ಮಲಗೋಣ.